ಅಟ್ಟದ ಕೆಳಗಿನ ರೈಲು ದಾರಿ

ಅಪ್ಪನ ಮಂಚಕ್ಕೂ ಗೋಡೆಗೂ ನಡುವೆ ಇದ್ದ ಜಾಗದ ಅಗಲ ಎರಡಡಿ ಮೂರಂಗುಲ, ಉದ್ದ ಆರಡಿ. ಅಷ್ಟರಲ್ಲಿ ರೈಲು ಓಡಿಸಬೇಕು ಅಂತ ನಾನು ಹಟ ಹಿಡಿದಿದ್ದೆ. ಹಟ ಅನ್ನುವುದು ಈಗಿನ ಮಾತು. ಆಗ ಅದು ದಿಕ್ಕು ತೋಚದವನ ಒದ್ದಾಟ.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನು ತಿಪಟೂರಿನಲ್ಲಿ ಮಿಡ್ಲ್ ಸ್ಕೂಲಿನ ಲೆಕ್ಕದ ಮೇಷ್ಟ್ರು. ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ಬರುವ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಕಡೆಗೆ ದಾರಿ ತಿರುಗಿಸುವ ಕಬ್ಬಿಣದ ಲಿವರ್ ಎಳೆಯುವುದು ಅವನ ಕೆಲಸ. ಅಮ್ಮಸಂದ್ರದ ಸಿಮೆಂಟು ಹೊತ್ತ ಗೂಡ್ಸ್ ಗಾಡಿಗಳಿಗೆಲ್ಲ ಎಷ್ಟೋ ವರ್ಷ ಅವನೇ ದಾರಿ ಬಿಟ್ಟಿದ್ದ. ಅಂಥವನಿಗೆ ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು.

"ಕೈಗೆ ಗೊತ್ತಿರೋ ಕೆಲಸ ಏನಾದ್ರೂ ಕೊಡಿ ಮೇಷ್ಟ್ರೇ" ಅಂದರು ಡಾಕ್ಟರು. "ಮೂರು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟೇ. ಆಮೇಲೆ ಕಷ್ಟ."

ಅವರು ಅದನ್ನು ಹೇಳುವ ಹೊತ್ತಿಗೇ ಎರಡು ತಿಂಗಳು ಮುಗಿದಿತ್ತು. ಎಣ್ಣೆ ಹಚ್ಚಿ ತಿಕ್ಕಿದ್ದೆವು, ಪಾರಿವಾಳದ ರಕ್ತ ಅಂದವರ ಮಾತನ್ನೂ ಕೇಳಿದ್ದೆವು. ಆ ಕೈ ಹಾಸಿಗೆಯ ಮೇಲೆ ಯಾರೋ ಮರೆತು ಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಅದಕ್ಕೆ ಗೊತ್ತಿದ್ದ ಕೆಲಸ ಒಂದೇ, ಲಿವರ್ ಎಳೆಯುವುದು. ಸ್ಟೇಷನ್ನನ್ನು ಮನೆಗೆ ತರಲಾರೆ. ಟ್ರಂಕಿನ ತಳದಲ್ಲಿ ನಾನು ಚಿಕ್ಕವನಿದ್ದಾಗ ಅಪ್ಪ ತಂದುಕೊಟ್ಟಿದ್ದ ತಗಡಿನ ರೈಲಿತ್ತು. ಕೀ ಕೊಟ್ಟರೆ ಓಡುವ ಎಂಜಿನ್ನು, ಎರಡು ಬೋಗಿ, ದುಂಡಗೆ ಜೋಡಿಸುವ ಹಳಿಗಳು.

ಗ್ರಾಫ್ ಹಾಳೆ ಹರಡಿಕೊಂಡು ಕೂತೆ. ಹಳಿಯ ಸುತ್ತು ಎರಡೂಮುಕ್ಕಾಲು ಅಡಿ ಅಗಲ, ಜಾಗ ಇರುವುದು ಎರಡಡಿ ಮೂರಂಗುಲ. ಹಳಿಯನ್ನು ಇನ್ನಷ್ಟು ಬಗ್ಗಿಸಿ ನೋಡಿದರೆ ಎಂಜಿನ್ನು ತಿರುವಿನಲ್ಲಿ ಮಗುಚಿ ಬೀಳುತ್ತಿತ್ತು. ಮಂಚ ಸರಿಸೋಣವೆಂದರೆ ಬಾಗಿಲು ಮುಚ್ಚುವುದಿಲ್ಲ. ಹಾಳೆಯ ಮೇಲೆ ಹಾಳೆ ಹರಿದೆ. ನಾಲ್ಕನೆಯ ದಿನ ನನ್ನ ಹೆಂಡತಿ ಗಂಜಿ ಬಟ್ಟಲು ಹಿಡಿದುಕೊಂಡು ಹಾಳೆಯನ್ನು ಬಗ್ಗಿ ನೋಡಿದಳು.

"ರೈಲು ಯಾಕ್ರೀ ಸುತ್ತಬೇಕು? ನಮ್ಮೂರ ರೈಲೇನು ಸುತ್ತುತ್ತಾ? ಬತ್ತದೆ, ಹೋಯ್ತದೆ."

ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೆ ದಾರಿ ಸಿಕ್ಕಿತ್ತು. ನೇರ ಒಂದು ಹಳಿ, ನಡುವೆ ಅದು ಎರಡಾಗಿ ಕವಲೊಡೆಯುವ ಒಂದು ಪಾಯಿಂಟು, ಅದಕ್ಕೊಂದು ಲಿವರ್. ಬಸ್‌ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಸಾಬರಿಗೆ ಹಾಳೆ ತೋರಿಸಿದೆ. ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿ, "ಲಿವರ್ ಗಟ್ಟಿ ಇರ್ಬೇಕಾ, ಹಗುರ ಇರ್ಬೇಕಾ ಮೇಷ್ಟ್ರೇ?" ಅಂದರು. ಯಾರ ಕೈಗೆ ಅಂತ ಹೇಳಿದೆ. ಅವರು ದುಂಡನೆಯ ಹಳಿಗಳನ್ನು ತಟ್ಟಿ ನೇರ ಮಾಡಿ, ಸೈಕಲ್ಲಿನ ಬ್ರೇಕ್ ಕಡ್ಡಿಯಿಂದ ಬೆರಳು ತಾಕಿದರೆ ಸರಿಯುವಂಥ ಲಿವರ್ ಮಾಡಿಕೊಟ್ಟರು.

ನೆಲದ ಮೇಲಿಟ್ಟರೆ ಮಲಗಿದವನಿಗೆ ಕಾಣುವುದಿಲ್ಲ. ಮೇಜು ಇಟ್ಟರೆ ಅಪ್ಪನ ಮೈ ಒರೆಸಿ, ಬಟ್ಟೆ ಬದಲಿಸುವಾಗ ನಿಲ್ಲುವುದಕ್ಕೆ ಜಾಗವಿಲ್ಲ. ಕೊನೆಗೆ ಹಲಗೆಗೆ ನಾಲ್ಕು ಮೂಲೆಯಲ್ಲಿ ಹಗ್ಗ ಕಟ್ಟಿ, ಮೇಲಿನ ಅಟ್ಟದ ತೊಲೆಗಳಿಂದ ಮಂಚದ ಮಟ್ಟಕ್ಕೆ ಇಳಿಬಿಟ್ಟೆ. ಬೇಡವಾದಾಗ ಮೇಲಕ್ಕೆ ಎಳೆದು ಕಟ್ಟಬಹುದು. ತಟ್ಟೆಯಲ್ಲಿ ನೀರು ತುಂಬಿ ಹಲಗೆಯ ಮೇಲಿಟ್ಟು ಮಟ್ಟ ನೋಡಿದೆ. ಒಂದು ಕೂದಲೆಳೆಯೂ ವಾಲಿರಲಿಲ್ಲ. ಆ ದಿನ ನನ್ನಷ್ಟು ಬುದ್ಧಿವಂತ ಇಡೀ ತಾಲ್ಲೂಕಿನಲ್ಲೇ ಇಲ್ಲ ಅನ್ನಿಸಿತ್ತು.

ಅಪ್ಪನ ಬಲಗೈಯನ್ನು ಲಿವರ್ ಮೇಲಿಟ್ಟು, ಎಂಜಿನ್ನಿಗೆ ಕೀ ಕೊಟ್ಟು ಬಿಡುತ್ತಿದ್ದೆ. ಅದು ಕಿರಗುಟ್ಟುತ್ತ ಹೋಗಿ ಕವಲು ದಾರಿಯ ತುದಿಗೆ ನಿಲ್ಲುತ್ತಿತ್ತು. ಅಪ್ಪ ನೋಡುತ್ತಿದ್ದ. ಕೈ ಇಟ್ಟಲ್ಲೇ ಇರುತ್ತಿತ್ತು. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಇಪ್ಪತ್ತು ಸಲ, ಸಂಜೆ ಬಂದು ಇಪ್ಪತ್ತು ಸಲ. ಮೂರು ತಿಂಗಳಿಗೆ ಇನ್ನು ಒಂಬತ್ತು ದಿನವಿದೆ ಅನ್ನುವಾಗ ನನ್ನ ತಾಳ್ಮೆ ಕೆಟ್ಟಿತು.

"ಎಳಿಯಪ್ಪ. ಎಳಿ ಅಂದ್ರೆ ಎಳಿ. ಅಷ್ಟೂ ಆಗಾಕಿಲ್ವಾ ನಿಂಗೆ?"

ಅಪ್ಪ ಬಾಗಿಲ ಕಡೆಗೆ ಮುಖ ತಿರುಗಿಸಿಕೊಂಡ. ಮಾತು ಬಾರದವನ ಮೇಲೆ ಕೂಗಾಡಿದ ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅಂತ ಬಚ್ಚಲಿಗೆ ಹೋಗಿ ಅತ್ತೆ.

ಅದೇ ವಾರ ತೋಟದಿಂದ ಕಾಯಿ ಬಂತು. ನಮ್ಮ ಕಡೆ ಸುಲಿಯದ ಕಾಯಿಯನ್ನು ಅಟ್ಟಕ್ಕೆ ತುಂಬಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವ ತನಕ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಬಿಡುತ್ತಾರೆ. ಹಳೆಯದು ಇಳಿಸಿ ಆಗಿತ್ತು, ಹೊಸದನ್ನು ಅಂಗಳದಲ್ಲಿ ಮಳೆಗೆ ಬಿಡುವಂತಿರಲಿಲ್ಲ. ನಾನು ಸ್ಕೂಲಿನಲ್ಲಿದ್ದಾಗ ಹೆಂಡತಿ ಆಳುಗಳನ್ನು ಕರೆಸಿ, ಹಲಗೆಯನ್ನು ಮೇಲಕ್ಕೆ ಎಳೆದು ಕಟ್ಟಿ, ಪಕ್ಕದ ಕೋಣೆಯಲ್ಲಿದ್ದ ಅಟ್ಟದ ಬಾಯಿಂದ ಕಾಯಿ ತುಂಬಿಸಿದಳು.

ಸಂಜೆ ಹಲಗೆ ಇಳಿಸಿದೆ. ತಲೆಯ ಕಡೆ ಮೇಲಾಗಿ, ಕಾಲಿನ ಕಡೆ ನಾಲ್ಕು ಬೆರಳು ಇಳಿದಿತ್ತು. ಭಾರಕ್ಕೆ ನಡುವಿನ ತೊಲೆ ಬಾಗಿ ಆ ಕಡೆಯ ಹಗ್ಗಗಳನ್ನು ಕೆಳಗೆ ಬಿಟ್ಟಿತ್ತು.

"ಕಾಯಿ ತುಂಬಿದ್ರೆ ತೊಲೆ ಬಾಗುತ್ತೆ ಅಂತ ಗೊತ್ತಿಲ್ವೇನ್ರೀ?" ಅಂದಳು ಹೆಂಡತಿ. "ಮಕ್ಕಳಿಗೆ ಲೆಕ್ಕ ಹೇಳ್ಕೊಡೋರು."

ಗೊತ್ತಿತ್ತು. ಹುಟ್ಟಿದಾಗಿನಿಂದ ಅದೇ ಅಟ್ಟದ ಕೆಳಗೆ ಮಲಗಿದವನು ನಾನು. ಖಾಲಿ ಅಟ್ಟಕ್ಕೆ ಹಗ್ಗ ಕಟ್ಟಿ ನೀರಿಟ್ಟು ಮಟ್ಟ ನೋಡುವ ಪೆದ್ದ ಕೊಬ್ಬರಿ ಸೀಮೆಯಲ್ಲಿ ಇನ್ನೊಬ್ಬ ಸಿಗಲಾರ. ಉಳಿದದ್ದು ಮೂರು ದಿನ. ಎಲ್ಲ ಮುಗಿಯಿತು ಅನ್ನಿಸಿತು. ಎಂಜಿನ್ನನ್ನು ಕವಲಿನ ತುದಿಯಲ್ಲೇ ಬಿಟ್ಟು, ಹಗ್ಗ ಬಿಗಿಯಲು ಸ್ಟೂಲು ಹತ್ತಿದೆ. ಹತ್ತುವಾಗ ಮೊಣಕಾಲು ಹಲಗೆಗೆ ತಾಕಿ, ಮೇಲಿನ ತುದಿಯ ತಡೆಗೆ ಸಿಕ್ಕಿಕೊಂಡಿದ್ದ ಬೋಗಿ ಬಿಡಿಸಿಕೊಂಡಿತು. ಕೀ ಇಲ್ಲದ ಆ ಬೋಗಿ ಇಳಿಜಾರಿನಲ್ಲಿ ತಾನೇ ಉರುಳಿಕೊಂಡು ಹೋಗಿ, ಕವಲು ಹಿಡಿದು, ನಿಂತಿದ್ದ ಎಂಜಿನ್ನಿಗೆ ಡಿಕ್ಕಿ ಹೊಡೆದು ನೆಲಕ್ಕೆ ಬಿತ್ತು.

ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಮೂರು ತಿಂಗಳಲ್ಲಿ ಅಂಥ ಸದ್ದು ಕೇಳಿರಲಿಲ್ಲ. ನೀರು ಬೇಕೇನೋ ಅಂತ ಹೆಂಡತಿ ಲೋಟ ತಂದಳು. ಅವನು ತಲೆಯಾಡಿಸಿ ಎಡಗೈಯಿಂದ ನೆಲದ ಬೋಗಿಯನ್ನು ತೋರಿಸಿದ, ಆಮೇಲೆ ಹಲಗೆಯ ಮೇಲಿನ ತುದಿಯನ್ನು. ಬೋಗಿಯನ್ನು ಎತ್ತಿ ಅಲ್ಲಿಟ್ಟು ಹಿಡಿದುಕೊಂಡೆ. ಬಿಡಬೇಡ, ತಡೆ ಅಂತ ಅಂಗೈ ಎತ್ತಿದ.

ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟು ಹಿಡಿದು ಎತ್ತಿದ. ಅದನ್ನು ಲಿವರ್ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಒಂದು ಬೆರಳು ಜಾರಿತು, ಮತ್ತೆ ಮಡಿಸಿದ. ನೋಡಲಾಗದೆ ನಾನು, "ಎಡಗೈಲೇ ಎಳಿ ಬುಡಪ್ಪ, ಸಾಕು" ಅಂದೆ. ಅವನು ನನ್ನನ್ನು ಎಂಥ ದಡ್ಡನೋ ಅನ್ನುವ ಹಾಗೆ ನೋಡಿದ. ಬಲಗೈಯ ಮೇಲೆ ಎಡಗೈ ಒತ್ತಿ ಎರಡನ್ನೂ ಸೇರಿಸಿ ಎಳೆದ. ಪಾಯಿಂಟು ಸರಿಯಿತು. ಆಮೇಲೆ ಬಲಗೈಯನ್ನು ಲಿವರ್ ಮೇಲೇ ಬಿಟ್ಟು, ಎಡಗೈಯನ್ನು ಮಾತ್ರ ಬಿಡಿಸಿಕೊಂಡು ಎದೆಯ ಮಟ್ಟಕ್ಕೆ ಎತ್ತಿ ಮೆಲ್ಲಗೆ ಆಡಿಸಿದ.

ಆಗ ನನಗೆ ನೆನಪಾಯಿತು. ಬಲಗೈ ಲಿವರಿಗೆ, ಎಡಗೈ ಹಸಿರು ಬಾವುಟಕ್ಕೆ. ಜೀವಮಾನವೆಲ್ಲ ಅವನು ನಿಂತಿದ್ದದ್ದೇ ಹಾಗೆ. ಬೋಗಿ ಬಿಟ್ಟೆ. ಅದು ಎಂಜಿನ್ನಿನ ಪಕ್ಕದ ಹಳಿಯಲ್ಲಿ ಹಾಯ್ದು ಕೊನೆಯ ತಡೆಗೆ ತಾಗಿ ನಿಂತಿತು.

ಮೂರು ದಿನವೂ ಕಳೆಯಿತು, ಕೈ ಬರಲಿಲ್ಲ. ಅವನು ಸಾಯುವ ತನಕ ಬರಲೇ ಇಲ್ಲ. ಹೆಂಡತಿ ಹಸಿರು ರವಿಕೆ ಬಟ್ಟೆಯ ತುಂಡೊಂದನ್ನು ಕಡ್ಡಿಗೆ ಹೊಲಿದು ಮಾವನ ದಿಂಬಿನ ಪಕ್ಕ ಇಟ್ಟಳು. ದಿನಾ ಬೆಳಿಗ್ಗೆ ಗಂಜಿ ಕುಡಿದ ಮೇಲೆ ಅವನು ಆ ಕೈಯನ್ನು ಎತ್ತಿ ಲಿವರ್ ಮೇಲಿಟ್ಟು ಬೆರಳು ಮಡಿಸುತ್ತಿದ್ದ. ಬಾವುಟ ಆಡುವವರೆಗೆ ನಾನು ಬೋಗಿ ಬಿಡುತ್ತಿರಲಿಲ್ಲ.

ಮಾರನೆಯ ವರ್ಷ ಕೊಬ್ಬರಿ ಇಳಿಸಿದಾಗ ತೊಲೆ ಮೇಲೆದ್ದು ಹಲಗೆ ಮಟ್ಟಕ್ಕೆ ಬಂತು. ಬೋಗಿ ನಿಂತಲ್ಲೇ ನಿಂತಿತು. ಅಪ್ಪ ಬಾವುಟ ಹಿಡಿದುಕೊಂಡೇ ಕಾಯುತ್ತಿದ್ದ. ನಾನು ಸ್ಟೂಲು ಹತ್ತಿ, ಕಾಲಿನ ಕಡೆಯ ಹಗ್ಗಗಳನ್ನು ನಾಲ್ಕು ಬೆರಳು ಸಡಿಲ ಬಿಟ್ಟೆ.