ಬಸ್‌ಸ್ಟ್ಯಾಂಡಿನ ಹಸೆಗೋಡೆ

ನನಗೆ ಮೊದಲಿನಿಂದಲೂ ನಾಚಿಕೆ ಜಾಸ್ತಿ. ಮದುವೆಯ ದಿನ ಹಸೆಗೆ ಕೂತವಳು ತಲೆಯೇ ಎತ್ತಿರಲಿಲ್ಲ; ಗಂಡನ ಮುಖ ಸರಿಯಾಗಿ ನೋಡಿದ್ದು ವಾರ ಕಳೆದ ಮೇಲೆ. ಅಂಥವಳನ್ನು ಎರಡು ಸಲ ಹಸೆಗೆ ಕೂರಿಸಿದರು. ಎರಡನೆಯ ಸಲ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ.

ಕನ್ನಡನಾಡು ಒಂದಾಗಿ ವರ್ಷವೋ ಎರಡು ವರ್ಷವೋ ಆಗಿತ್ತು. ಬೆಂಗಳೂರಿನಿಂದ ಯಾರೋ ದೊಡ್ಡವರು ಬರುತ್ತಾರೆಂದು ಪೇಟೆಯ ಹಿರಿಯರು ಬಸ್‌ಸ್ಟ್ಯಾಂಡಿನ ಗೋಡೆಗೆ ಚಿತ್ರ ಬರೆಸಲು ಹೊರಟರು. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ನಮ್ಮ ಅತ್ತೆಯದು ಎತ್ತಿದ ಕೈ. ಹಾಗಾಗಿ ನಮ್ಮ ಮನೆಗೇ ಬಂದರು.

"ಬಸ್‌ಸ್ಟ್ಯಾಂಡಲ್ಲಿ ಯಾರ ಮದ್ವೆ?" ಅತ್ತೆ ಕೇಳಿದರು.

"ಯಾರದೂ ಅಲ್ಲ ಮಾರಾಯ್ತಿ, ಚಂದಕ್ಕೆ."

"ಹಸೆ ಬರ್ದ ಮೇಲೆ ಯಾರಾದ್ರೂ ಕೂರ್ಬೇಕಲ. ಖಾಲಿ ಬಿಡ್ಲಿಕ್ಕಾಗ್ತದ?"

ಬಂದವರು ನಕ್ಕರು. ಅತ್ತೆ ನಗಲಿಲ್ಲ.

ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಅತ್ತೆ ಎಳೆ ಎಳೆದರು. ನಾನು ಬಟ್ಟಲು ಹಿಡಿದು ನಿಂತೆ. ನೋಡಲು ಬಂದ ಪೇಟೆಯ ಹೆಂಗಸರು ನನ್ನ ಗಂಡನ ಕೆಲಸ ಏನೆಂದು ಕೇಳಿದರೆ "ಕಾಡಿನ ಕೆಲಸ" ಎಂದಷ್ಟೇ ಹೇಳುತ್ತಿದ್ದೆ. ಪೇಟೆಯ ಮೇಲಿನ ಗುಡ್ಡದಲ್ಲಿ ಕಂತ್ರಾಟುದಾರನ ಇದ್ದಿಲು ಭಟ್ಟಿ ಕಾಯುವುದು ಅವರ ಕೆಲಸ. ಚಳಿಗಾಲದಲ್ಲಿ ಆ ಹೊಗೆ ಮೇಲೇಳುವುದಿಲ್ಲ. ಮಂಜಿನ ಜೊತೆ ಇಳಿದು, ಬಿಸಿಲೇರುವ ತನಕ ಪೇಟೆಯ ತಗ್ಗಿನಲ್ಲೇ ಮಲಗಿರುತ್ತದೆ. ಒಣಗಿಸಿದ ಬಟ್ಟೆ ಕಪ್ಪಾಗುತ್ತಿತ್ತು, ಮಕ್ಕಳು ಕೆಮ್ಮುತ್ತಿದ್ದವು. ನಮ್ಮ ಗಂಜಿ ಬೇಯುತ್ತಿದ್ದದ್ದು ಅದರಿಂದಲೇ.

ದೊಡ್ಡವರು ಬರುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ಬಿಳಿ ಎಳೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಅತ್ತೆ ಅಕ್ಕಿ ಅರೆದು ಮತ್ತೆ ಬಿಳಿ ಎಳೆಯತೊಡಗಿದರು. ಹೊಸ ಕೋಟು ಹಾಕಿದ ಹಿರಿಯರೊಬ್ಬರು ಗುಡ್ಡದ ಕಡೆ ನೋಡಿ, "ಯಾವ ದರಿದ್ರದವ ಆ ಭಟ್ಟಿ ಹಚ್ಚಿದ್ದು? ಊರಿನ ಮುಖಕ್ಕೇ ಮಸಿ ಬಳ್ದ" ಎಂದರು.

ಆ ದರಿದ್ರದವರು, ನನ್ನ ಗಂಡ, ಚಾ ಅಂಗಡಿಯ ಮಗ್ಗುಲಲ್ಲೇ ನಿಂತಿದ್ದರು. ತಾಯಿ ಬರೆದದ್ದನ್ನು ನೋಡಿಹೋಗಲು ಭಟ್ಟಿಯಿಂದ ನೇರ ಬಂದಿದ್ದರು, ಮೈಯೆಲ್ಲ ಮಸಿ. ಮಾತು ಕೇಳಿಸಿ ತಿರುಗಿ ಹೊರಟರು. ಅತ್ತೆ ಕುಂಚ ಕೆಳಗಿಟ್ಟು ಮಗನನ್ನು ಕರೆದರು.

"ತಮಾ, ಬಾ ಇಲ್ಲಿ."

ಅವರು ಬೇಡವೆಂದು ತಲೆಯಾಡಿಸಿದರು.

"ಬಾ ಅಂದ್ರೆ ಬಾ." ಅತ್ತೆ ಗೋಣಿತಾಟು ಕೊಡವಿ ಗೋಡೆಯ ಬುಡಕ್ಕೆ ಹಾಸಿ, ಕೋಟಿನವರ ಕಡೆ ತಿರುಗಿದರು. "ಭಟ್ಟಿ ಹಚ್ಚಿದವ ನನ್ನ ಮಗ. ಹಸೆ ಖಾಲಿ ಇರ್ಬಾರ್ದು, ಇವ್ರೇ ಕೂತ್ಕಳ್ಲಿ."

ಗಂಡ ಬಂದು ಕೂತರು. ಅತ್ತೆ ನನ್ನ ರಟ್ಟೆ ಹಿಡಿದು ಅವರ ಪಕ್ಕ ಕೂರಿಸಿ ಹಸೆಯ ಹಾಡು ಶುರುಮಾಡಿದರು. ಆಗಲೇ ಶಿರಸಿಯ ಬಸ್ಸು ಬಂತು, ಕಿಟಕಿಗೊಂದು ತಲೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಗೋಡೆಗೆ ಅಂಟಿಕೊಂಡು ಸೆರಗು ಮುಖಕ್ಕೆ ಎಳೆದುಕೊಂಡೆ. ಗುಂಪಿನಲ್ಲಿ ಯಾವುದೋ ಮಗು ಕೆಮ್ಮಿದಾಗ ಪಕ್ಕದಲ್ಲಿದ್ದ ಗಂಡ ಕಾಲು ಒಳಗೆಳೆದುಕೊಂಡದ್ದು ಗೊತ್ತಾಯಿತು. ಅತ್ತೆ ಹಾಡು ಮುಗಿಸಿಯೇ ಬಿಟ್ಟರು.

ಎದ್ದಾಗ ನನ್ನ ಬೆನ್ನಿನ ತುಂಬ ಅಕ್ಕಿಯ ಬಿಳಿ. ನಾನು ಒರಗಿದ ಕಡೆ ಎಳೆಗಳೆಲ್ಲ ಕಲಸಿಹೋಗಿದ್ದವು.

"ಹಸಿ ಗೋಡೆಗೆ ಒರಗ್ತಾರನೆ?" ಅತ್ತೆ ಗದರಿದರು.

ಗಂಡನ ಬೆನ್ನಿನ ಹಿಂದಿನ ಎಳೆ ಒಂದೂ ಕೆಟ್ಟಿರಲಿಲ್ಲ. ಹಾಡು ಮುಗಿಯುವವರೆಗೂ ಅವರು ಮುಂದಕ್ಕೆ ಬಗ್ಗಿ, ಗೋಡೆಯಿಂದ ಗೇಣು ದೂರ ಕೂತಿದ್ದರು. ಪಕ್ಕದಲ್ಲೇ ಕೂತಿದ್ದ ನನಗೆ ಅದು ಕಂಡಿರಲಿಲ್ಲ. ಜನರೆದುರು ಕೂತ ನಾಚಿಕೆ ಎಂದೋ ಹೋಯಿತು. ಅದನ್ನು ಕಾಣದೆ ಹೋದ ಈ ನಾಚಿಕೆ ಈಗಲೂ ಇದೆ.

"ಬೆನ್ನು ನೋಯ್ಲಿಲ್ವ?" ಎಂದು ದಾರಿಯಲ್ಲಿ ಅವರನ್ನು ಕೇಳಿದೆ.

"ಅಂಗಿ ಮಸಿ ಇತ್ತಲ" ಎಂದು ಹೇಳಿ ಭಟ್ಟಿಯ ದಾರಿ ಹಿಡಿದರು.