ಹುಳಿಯಿಲ್ಲದ ರೊಟ್ಟಿಗೆ ಹುಳಿ ಹಿಂಡಿದ ಮೊಳೆ

ಪಾದ್ರಿಗಳು ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿದರು. ಸಭೆ ತಲೆ ತಗ್ಗಿಸಿತು. ಇನ್ನು ಅದನ್ನು ಮುರಿಯುವುದೊಂದೇ ಬಾಕಿ. ರೊಟ್ಟಿ ಮುರಿಯಲಿಲ್ಲ.

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಪಾದ್ರಿಗಳಿಗೆ ಗಂಟಲು ಕಟ್ಟಿರಬೇಕು, ಅದಕ್ಕೇ ತಡೆದಿದ್ದಾರೆ ಅಂದುಕೊಂಡೆವು. ಆಮೇಲೆ ಅವರ ಹೆಬ್ಬೆರಳು ಬೆಳ್ಳಗಾದವು. ಅದರ ಹಿಂದೆಯೇ ಕಿವಿ ಕೆಂಪಾದವು. ಪಿಯಾನೋ ನುಡಿಸುವಾಕೆ ಏನೋ ಎಡವಟ್ಟಾಗಿದೆ ಎಂದು ಅರಿತು ಅದೇ ಸಾಲನ್ನು ತಿರುಗಿಸಿ ಮುರುಗಿಸಿ ನುಡಿಸುತ್ತ ಕೂತಳು. ಕೊನೆಗೆ ಪಾದ್ರಿಗಳು ಬಡಗಿಯ ಮಗನಾಗಿದ್ದ ಕರ್ತನನ್ನು ನೆನೆದುಕೊಂಡರೋ ಏನೋ, ರೊಟ್ಟಿಯನ್ನು ಮೇಜಿನ ಅಂಚಿಗೆ ಇಟ್ಟು ಒಂದೇಟು ಕೊಟ್ಟರು. ಟಪ್ಪೆಂದಿತು. ಅರ್ಧ ಅವರ ಕೈಯಲ್ಲೇ ಉಳಿಯಿತು. ಇನ್ನರ್ಧ ಹಾರಿಹೋಗಿ ಮುಂದಿನ ಸಾಲಿನಲ್ಲಿದ್ದ ಸಭೆಯ ಕಾರ್ಯದರ್ಶಿಗಳ ಕನ್ನಡಕಕ್ಕೆ ಬಡಿದು ಅವರ ಮಡಿಲಿಗೆ ಬಿತ್ತು. ಈ ಕಾರ್ಯದರ್ಶಿಗಳು ನಿವೃತ್ತ ಶಿಕ್ಷಕರು. ಯಾವ ಪ್ರಾರ್ಥನೆ ಮುಗಿಯುವುದಕ್ಕೂ ಕಾಯದೆ ಆಮೆನ್ ಎಂದುಬಿಡುವುದರಿಂದ ಎಲ್ಲರ ಬಾಯಲ್ಲೂ ಅವರು ಆಮೆನ್ ಮೇಷ್ಟ್ರು. ಪೆಟ್ಟು ಬಿದ್ದಾಗಲೂ ಅಭ್ಯಾಸಬಲ ನೋಡಿ, "ಆಮೆನ್" ಎಂದರು.

ಆಮೇಲೆ ಚೂರುಗಳು ಹಂಚಿಕೆಯಾದವು. ಅಷ್ಟು ದೀರ್ಘವಾದ ಮೌನವನ್ನು ನಮ್ಮ ಸಭೆ ಹಿಂದೆಂದೂ ಆಚರಿಸಿರಲಿಲ್ಲ. ಭಕ್ತಿಯೇನೋ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬಾಯಲ್ಲಿದ್ದದ್ದು ಮೊದಲು ಕರಗಬೇಕಲ್ಲ! ಕಟ್ಟಿಸಿಕೊಂಡ ಹಲ್ಲಿನ ಹಿರಿಯರು ಕಣ್ಣು ಮುಚ್ಚಿ, ದವಡೆ ಹಿಡಿದುಕೊಂಡು, ತಮ್ಮ ತಮ್ಮ ಪಾಪಗಳನ್ನು ಒಂದೊಂದಾಗಿ ನೆನೆದರು.

ಆ ರೊಟ್ಟಿ ಬೇಯಿಸಿದ್ದು ನಮ್ಮ ದೊಡ್ಡಮ್ಮ. ಆಕೆ ತನ್ನ ಮಾಮೂಲಿ ಜಾಗದಲ್ಲಿ ಕೂತು ತಲೆಯ ಮೇಲಿನ ಫ್ಯಾನನ್ನೇ ದಿಟ್ಟಿಸುತ್ತಿದ್ದಳು, ತಪ್ಪೆಲ್ಲ ಅದರದ್ದೇ ಎಂಬಂತೆ.

ದೊಡ್ಡಮ್ಮನಿಗೆ ಹಾಡಲು ಬರುವುದಿಲ್ಲ. ಬಾಯಿ ಬಿಟ್ಟರೆ ಪಕ್ಕದವರಿಗೂ ರಾಗ ತಪ್ಪುತ್ತದೆ. ಅದು ಗೊತ್ತಿರುವುದರಿಂದ ಆಕೆ ಸಭೆಯಲ್ಲಿ ತುಟಿ ಮಾತ್ರ ಆಡಿಸುತ್ತಾಳೆ. ದೂರದಿಂದ ನೋಡಿದವರು ಎಂಥ ಹಾಡುಗಾರ್ತಿ ಅಂದುಕೊಳ್ಳಬೇಕು, ಹಾಗೆ. ನಾಲ್ಕು ಜನರೆದುರು ಪ್ರಾರ್ಥನೆ ಮಾಡಿ ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳಿಗೆ ಭಾನುವಾರದ ಪಾಠ ಹೇಳಲು ಹೋಗಿ, ನೋಹನ ನಾವೆಗೆ ಹತ್ತಿದ ಸೊಳ್ಳೆಗಳ ಬಗ್ಗೆ ಒಬ್ಬ ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ವಾಪಸು ಬಂದವಳು. ಅಷ್ಟು ದೊಡ್ಡ ಸಭೆಯಲ್ಲಿ ದೊಡ್ಡಮ್ಮನದು ಅಂತ ಇದ್ದದ್ದು ಆ ರೊಟ್ಟಿ ಒಂದೇ. ತಿಂಗಳಿಗೊಮ್ಮೆ ಬರುವ ಕರ್ತನ ಭೋಜನದ ದಿನ, ಎಲ್ಲರೂ ಒಂದೇ ರೊಟ್ಟಿಯ ಚೂರು ತೆಗೆದುಕೊಳ್ಳುವಾಗ, ಆಕೆ ಸುಮ್ಮನೆ ಕೂತು ಒಬ್ಬೊಬ್ಬರ ದವಡೆ ಆಡುವುದನ್ನು ನೋಡುತ್ತಿದ್ದಳು. ಅದೇ ಅವಳ ಹಾಡು.

ಈ ಕೆಲಸ ಅತ್ತೆಯಿಂದ ಬಂದದ್ದು. ಅದರ ಜೊತೆಗೆ ಬಂದದ್ದು ಒಂದು ಲಟ್ಟಣಿಗೆ. ಅದಕ್ಕೊಂದು ಬಿಳಿ ಬಟ್ಟೆ, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಒಂದು ಮೂಲೆ. ಮನೆಯ ಊಟದ ಹಿಟ್ಟಿಗೆ ಅದನ್ನು ತಾಗಿಸುವಂತಿಲ್ಲ. ಶನಿವಾರ ಮಧ್ಯಾಹ್ನ ದೊಡ್ಡಮ್ಮ ಮೇಜು ಒರೆಸಿ, ಬಳೆ ತೆಗೆದಿಟ್ಟು, ಹಿಟ್ಟಿಗೆ ಚಿಟಿಕೆ ಉಪ್ಪು, ಒಂದಿಷ್ಟು ಎಣ್ಣೆ, ಉಗುರುಬೆಚ್ಚಗಿನ ನೀರು ಹಾಕಿ ಕಲಸುತ್ತಿದ್ದಳು. ಹುಳಿ ಬರಿಸುವ ಯಾವ ಪುಡಿಯೂ ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರಕೂಡದು; ಡಬ್ಬಿ ಸಮೇತ ವರಾಂಡಕ್ಕೆ ಗಡೀಪಾರು. ಲಟ್ಟಿಸಿದ ಮೇಲೆ ಚಾಕುವಿನ ಬೆನ್ನಿನಿಂದ ಗೆರೆ ಎಳೆಯುವುದು, ಉಬ್ಬದಂತೆ ಫೋರ್ಕಿನಿಂದ ಚುಚ್ಚುವುದು. ಅಂಚು ಕತ್ತರಿಸಿ ಉಳಿದ ಚೂರುಗಳಿಗಾಗಿ ನಾವು ಚಿಕ್ಕವರಿದ್ದಾಗ ಹೊರಗೆ ಸಾಲಾಗಿ ನಿಂತು ಕಾಯುತ್ತಿದ್ದೆವು. ಪುಕ್ಕಟೆ ಸಿಗುತ್ತಿರಲಿಲ್ಲ. ಮಗ್ಗಿ ಒಪ್ಪಿಸಬೇಕು. ಓದಿದ್ದು ಕಡಿಮೆಯಾದರೂ ಮಗ್ಗಿಯಲ್ಲಿ ದೊಡ್ಡಮ್ಮನನ್ನು ಏಮಾರಿಸಿದವರಿಲ್ಲ.

ಓವನ್ನಿಗೆ ಇಟ್ಟ ಮೇಲಿನ ಲೆಕ್ಕವೇ ಬೇರೆ. ನಮ್ಮ ದೊಡ್ಡಪ್ಪ ಗಡಿಯಾರ ರಿಪೇರಿಯವನು. ಮನೆಯ ಗೋಡೆಯ ತುಂಬ ಗಿರಾಕಿಗಳ ಗಡಿಯಾರ, ಒಂದು ಹೇಳಿದ ಹೊತ್ತನ್ನು ಇನ್ನೊಂದು ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ಹತ್ತೂವರೆಯಾದರೆ ನಡುಮನೆಯಲ್ಲಿ ಆಗಲೇ ಸಂಜೆ. "ಇವರ ಗಡಿಯಾರ ನಂಬ್ಕೊಂಡಿದ್ರೆ ನನ್ನ ಮದುವೆ ಇನ್ನೂ ಆಗ್ತಿರಲಿಲ್ಲ" ಎನ್ನುತ್ತಿದ್ದ ದೊಡ್ಡಮ್ಮ ಅತ್ತೆ ಕಲಿಸಿದ ಗಡಿಯಾರವನ್ನೇ ಇಟ್ಟುಕೊಂಡಿದ್ದಳು: ಕರ್ತನ ಪ್ರಾರ್ಥನೆ. ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ನಿಧಾನವಾಗಿ, ಅತ್ತೆ ಹೇಳಿಕೊಟ್ಟಷ್ಟು ಸಲ. ಕೊನೆಯ ಆಮೆನ್‌ಗೆ ಓವನ್ನಿನ ಬಾಗಿಲು ತೆಗೆದರೆ ರೊಟ್ಟಿಯ ಅಂಚು ಸರಿಯಾಗಿ ಹೊಂಬಣ್ಣ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದ ನಮಗೆಲ್ಲ ಪ್ರಾರ್ಥನೆ ಎಂದರೆ ಊಟದ ಡಬ್ಬಿ ತೆರೆಯುವ ಮೊದಲು ಒಂದೇ ಉಸಿರಿಗೆ ದಾಟುವ ಹಳ್ಳ. ದೊಡ್ಡಮ್ಮನಲ್ಲಿ ಮಾತ್ರ ಅದಕ್ಕೊಂದು ಹದವಿತ್ತು, ಉರಿಗೆ ಇದ್ದ ಹಾಗೆ.

ಹಾಗಿದ್ದರೆ ಆ ಭಾನುವಾರ ಏನಾಯಿತು? ಚಿಕ್ಕಮ್ಮ ಆದಳು.

ಚಿಕ್ಕಮ್ಮ, ಅಂದರೆ ದೊಡ್ಡಮ್ಮನ ಓರಗಿತ್ತಿ, ಅದೇ ಮನೆಯ ಮಹಡಿಯಲ್ಲಿ ಸಂಸಾರ ಹೂಡಿದ್ದಾಳೆ. ಒಳ್ಳೆಯವಳು, ಆದರೆ ಕೈ ಬಾಯಿ ಎರಡೂ ಮುಂದೆ, ತಲೆ ಹಿಂದಿನಿಂದ ಬರುತ್ತದೆ. ಒಂದು ದಿನ ಗೋಡೆಗೆ ಮೊಳೆ ಹೊಡೆಯಬೇಕಾಗಿ ಸುತ್ತಿಗೆ ಹುಡುಕಿಕೊಂಡು ಕೆಳಗೆ ಬಂದಳು. ದೊಡ್ಡಪ್ಪನ ಸುತ್ತಿಗೆಗಳೋ ಇರುವೆಯ ಕಾಲಿಗೆ ಲಾಳ ಹೊಡೆಯುವಂಥವು. ದೊಡ್ಡಮ್ಮ ಮನೆಯಲ್ಲಿರಲಿಲ್ಲ. ಚಿಕ್ಕಮ್ಮನ ಕಣ್ಣು ಶೆಲ್ಫಿನ ಮೇಲೆ ಹೋಯಿತು.

ಲಟ್ಟಣಿಗೆಯ ಹೊಟ್ಟೆಯಲ್ಲಿ ಮೊಳೆಯ ತಲೆ ಕೂತು ಒಂದು ಗುಳಿ ಬಿತ್ತು. ಅಲ್ಲಿಂದ ಮುಂದೆ ಲಟ್ಟಿಸಿದ ಪ್ರತಿ ರೊಟ್ಟಿಯ ಮೇಲೂ ಒಂದು ಮೊಡವೆ.

"ಅತ್ತೆ ಕೈಯಲ್ಲಿದ್ದ ಲಟ್ಟಣಿಗೆ ಕಣೇ ಅದು! ಮೊಳೆ ಹೊಡೆಯೋಕೆ ನಿನ್ನ ಗಂಡನ ತಲೆ ಇರಲಿಲ್ವಾ?"

"ಅದು ಟೊಳ್ಳು ಅಂತ ನಿಮಗೂ ಗೊತ್ತಲ್ಲ ಅಕ್ಕಾ. ಅಷ್ಟಕ್ಕೂ ನಾನೇನು ಸಿನಿಮಾ ಪೋಸ್ಟರ್ ನೇತುಹಾಕಿದ್ನಾ? ಸಭೆಯವರು ಕೊಟ್ಟ ಕ್ಯಾಲೆಂಡರೇ ಹಾಕಿದ್ದು."

"ಹಾಗಾದ್ರೆ ದೇವರಿಗೇ ಹೊಡೆದೆ ಅನ್ನು."

"ಒಂದು ಗುಳಿಗೆ ಇಷ್ಟು ಗೋಳಾ!"

ಈ ಕೊನೆಯ ಮಾತು ಆಡಬಾರದಿತ್ತು. ಅಲ್ಲಿಗೆ ಮಾತು ನಿಂತಿತು. ನಿಂತಿತು ಎಂದರೆ ಮನೆಯ ಬೆಕ್ಕಿನ ಮೂಲಕ ನಡೆಯತೊಡಗಿತು. "ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು ಅಂತ ಕೆಲವರಿಗೆ ಹೇಳು" ಎಂದು ಇವಳು ಕೆಳಗಿನಿಂದ. "ಕೆಲವರು ನೋಡ್ಕೊಂಡು ನಡೀಬೇಕಪ್ಪ" ಎಂದು ಅವಳು ಮೇಲಿನಿಂದ. ಬೆಕ್ಕು ಎರಡೂ ಕಡೆ ಹಾಲು ಕುಡಿದು ದಪ್ಪವಾಯಿತು.

ಹೀಗಿರುವಾಗ ಆ ಶನಿವಾರ ಬಂತು. ದೊಡ್ಡಮ್ಮ ರೊಟ್ಟಿಯನ್ನು ಓವನ್ನಿಗಿಟ್ಟು, ಕಣ್ಣು ಮುಚ್ಚಿ, ಪ್ರಾರ್ಥನೆ ಶುರು ಮಾಡಿದಳು. ಅನುದಿನದ ರೊಟ್ಟಿ ಕೇಳುವ ಸಾಲು ಸಲೀಸಾಗಿ ದಾಟಿತು. ಅದರ ಬೆನ್ನಿಗೇ ಬರುವ ಸಾಲು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎಂದು ದೇವರಿಗೆ ಮಾತು ಕೊಡುವ ಸಾಲು, ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣೆದುರು ಆ ಗುಳಿ. ಸುಳ್ಳು ಹೇಳಲಾರಳು. ಮೊದಲಿನಿಂದ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಿತು. ಮತ್ತೆ ಮೊದಲಿನಿಂದ. ಆಮೆನ್ ಬರುವುದೆಲ್ಲಿಂದ? ಆಮೆನ್ ಬರದೆ ಓವನ್ ತೆಗೆಯುವುದು ಆಕೆಗೆ ಅಭ್ಯಾಸವಿಲ್ಲ. ಕೊನೆಗೆ ತೆಗೆದಾಗ ಒಳಗಿದ್ದದ್ದು ಮನೆಗೆ ಹೊದಿಸುವ ಹೆಂಚು. ಇನ್ನೊಂದು ಮಾಡಲು ಹಿಟ್ಟಿರಲಿಲ್ಲ.

ಆರಾಧನೆ ಮುಗಿದ ಮೇಲೆ ಆಮೆನ್ ಮೇಷ್ಟ್ರು ಕನ್ನಡಕದ ಗೀರು ಒರೆಸುತ್ತ ಸಮಿತಿಯವರ ಮುಂದೆ ನಿಂತರು. "ಅಂಗಡಿಯಲ್ಲಿ ಈಗ ರೆಡಿಮೇಡ್ ಸಿಗುತ್ತೆ. ಪ್ಯಾಕೆಟ್ಟು. ಎಲ್ಲಾ ಒಂದೇ ಅಳತೆ, ಬಾಯಿಗಿಟ್ಟರೆ ಮಾಯ. ಯಾರ ಹಲ್ಲಿಗೂ ಅಪಾಯ ಇಲ್ಲ, ಯಾರ ಕಣ್ಣಿಗೂ ಇಲ್ಲ."

ಪಾದ್ರಿಗಳು ಹೊಸಬರು, ಮೃದು ಮನಸ್ಸಿನವರು. "ಇನ್ನೊಂದು ಸಲ ನೋಡೋಣ ಮೇಷ್ಟ್ರೇ" ಎಂದರು. ಮುಂದಿನ ತಿಂಗಳ ರೊಟ್ಟಿ ಸರಿಯಾದರೆ ದೊಡ್ಡಮ್ಮ, ಇಲ್ಲದಿದ್ದರೆ ಪ್ಯಾಕೆಟ್ಟು ಎಂದು ತೀರ್ಮಾನವಾಯಿತು. ಈ ಸುದ್ದಿ ಮನೆಗೆ ಬಂದ ದಿನ ದೊಡ್ಡಮ್ಮ ಲಟ್ಟಣಿಗೆಯನ್ನು ಕೆಳಗಿಳಿಸಿ, ಬಿಳಿ ಬಟ್ಟೆ ಬಿಚ್ಚಿ ಒಗೆದು, ಒಣಗಿಸಿ, ಮತ್ತೆ ಸುತ್ತಿ ಮೇಲಿಟ್ಟಳು. ಮಾರನೆಯ ದಿನವೂ ಅದನ್ನೇ ಮಾಡಿದಳು. ಕೊಳೆಯಾಗಲು ನಡುವೆ ಅದು ಹಿಟ್ಟು ಮುಟ್ಟಿಯೇ ಇರಲಿಲ್ಲ.

ಪಾದ್ರಿಗಳು ಮನೆಗೇ ಬಂದರು. ದೊಡ್ಡಮ್ಮನ ಬಾಯಿ ಬಿಡಿಸಲು ಎರಡು ಲೋಟ ಟೀ ಬೇಕಾಯಿತು. ಎಲ್ಲ ಕೇಳಿ ಅವರು ನಕ್ಕರು, ಆಮೇಲೆ ನಗಬಾರದಿತ್ತೇನೋ ಎಂದು ಕೆಮ್ಮಿದರು.

"ಅಮ್ಮಾ, ಮೊಳೆ ಹೊಡೆದವರನ್ನೇ ಕ್ಷಮಿಸಿದವನ ಊಟ ಅಲ್ವಾ ಇದು?"

ದೊಡ್ಡಮ್ಮ ಖಾಲಿ ಲೋಟಕ್ಕೆ ಮತ್ತೆ ಟೀ ಬಗ್ಗಿಸಿದಳು. "ನಿಜ ಅಯ್ಯನವರೇ. ಆದರೆ ಅವರು ಲಟ್ಟಣಿಗೆಯಲ್ಲಿ ಹೊಡೆದಿರಲಿಲ್ಲ."

ಪಾದ್ರಿಗಳು ಮೂರನೆಯ ಲೋಟ ಟೀ ಕುಡಿದು ಎದ್ದುಹೋದರು.

ಮುಂದಿನ ತಿಂಗಳ ಆ ಶನಿವಾರ ನಾನು ಅಲ್ಲೇ ಇದ್ದೆ, ದೊಡ್ಡಪ್ಪನಿಂದ ನನ್ನ ಕೈಗಡಿಯಾರ ವಾಪಸು ಪಡೆಯುವ ನೆಪದಲ್ಲಿ. ದೊಡ್ಡಮ್ಮ ಬಳೆ ತೆಗೆದಿಟ್ಟು ಹಿಟ್ಟು ಕಲಸಿದ್ದಳು. ಲಟ್ಟಣಿಗೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದು. ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಒಂದು ತುಂಡು ಉಪ್ಪುಕಾಗದ.

"ಉಜ್ಜಿ ಕೊಡ್ತೀನಿ ಅಕ್ಕಾ. ಗುಳಿ ಹೋಗುತ್ತೆ."

ದೊಡ್ಡಮ್ಮ ಸುತ್ತ ಬೆಕ್ಕನ್ನು ಹುಡುಕಿದಳು. ಇರಲಿಲ್ಲ. ನೇರವಾಗಿಯೇ ಹೇಳಬೇಕಾಯಿತು. "ಗುಳಿ ಹೋಗೋವರೆಗೆ ಉಜ್ಜಿದ್ರೆ ಲಟ್ಟಣಿಗೆ ಹೋಗಿ ಪೆನ್ಸಿಲ್ ಉಳಿಯುತ್ತೆ."

"ಮತ್ತೆ ನಾನೇನು ಮಾಡ್ಲಿ? ನಾಳೆ ನನ್ನಿಂದ ಪ್ಯಾಕೆಟ್ಟು ಬಂತು ಅಂದ್ರೆ ನಾನು ಯಾವ ಮುಖ ಹೊತ್ಕೊಂಡು ಹೋಗಿ ಕೈಯೊಡ್ಡಲಿ ಅಕ್ಕಾ?" ಚಿಕ್ಕಮ್ಮನ ದನಿ ಒಡೆಯಿತು. "ಬೇಕಾದ್ರೆ ಪ್ರಾರ್ಥನೆ ನಾನು ಹೇಳ್ತೀನಿ. ನೀವು ರೊಟ್ಟಿ ನೋಡ್ಕೊಳ್ಳಿ."

"ನೀನು ಹೇಳೋ ವೇಗಕ್ಕೆ ಹಿಟ್ಟು ಬೆಚ್ಚಗೂ ಆಗಲ್ಲ."

"ಹೋಗ್ಲಿ, ಏನಾದ್ರೂ ಕೊಡಿ ಕೈಗೆ."

ದೊಡ್ಡಮ್ಮ ಲಟ್ಟಿಸಿ ಮುಗಿಸಿದಳು. ಆಮೇಲೆ ಫೋರ್ಕನ್ನು ಮೇಜಿನ ಮೇಲೆ, ಓರಗಿತ್ತಿಯ ಕಡೆಗೆ ತಳ್ಳಿದಳು. "ಚುಚ್ಚು. ಅದು ನಿನಗೆ ಹೇಳಿಕೊಡಬೇಕಾಗಿಲ್ಲ."

ಚಿಕ್ಕಮ್ಮ ಚುಚ್ಚಿದಳು. ಅಷ್ಟು ಶ್ರದ್ಧೆಯಿಂದ ಆಕೆ ಏನನ್ನೂ ಮಾಡಿದ್ದನ್ನು ನಾನು ನೋಡಿಲ್ಲ. ಮೊಡವೆ ಬಂದ ಜಾಗದಲ್ಲಿ ಮಾತ್ರ ಕೈ ತಡೆಯಿತು. "ಅದನ್ನೂ ಚುಚ್ಚೇ, ಇಲ್ಲದಿದ್ರೆ ಉಬ್ಬುತ್ತೆ" ಎಂದಳು ದೊಡ್ಡಮ್ಮ. ರೊಟ್ಟಿ ಓವನ್ನಿಗೆ ಹೋಯಿತು. ಕೆಲಸ ಮುಗಿದ ಲಟ್ಟಣಿಗೆಯನ್ನು ದೊಡ್ಡಮ್ಮ ಒರೆಸಿ, ತಾನು ಸುತ್ತದೆ, ಬಿಳಿ ಬಟ್ಟೆಯ ಜೊತೆ ಚಿಕ್ಕಮ್ಮನ ಮಡಿಲಿಗೆ ಹಾಕಿದಳು. "ಬಿಗಿಯಾಗಿ ಸುತ್ತು."

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದಳು. ತುಟಿ ಅಲುಗಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಆ ತುಟಿಯನ್ನೇ ನೋಡಿದೆವು. ಇಲ್ಲಿ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದೆವು. ನಿಲ್ಲಲಿಲ್ಲ. ಇಳಿಜಾರಿನಲ್ಲಿ ಸೈಕಲ್ ಹೋದಂತೆ ಹೋಯಿತು. ಚಿಕ್ಕಮ್ಮ ಕಣ್ಣೊರೆಸಿಕೊಳ್ಳಲು ಸೆರಗು ಹುಡುಕಿ, ಸಿಗದೆ, ಲಟ್ಟಣಿಗೆಯ ಬಿಳಿ ಬಟ್ಟೆಯನ್ನೇ ಎತ್ತಿದಳು; ನಾನು ಕಣ್ಸನ್ನೆಯಲ್ಲಿ ಬೇಡ ಅಂದೆ. ಇನ್ನೊಂದು ಜಗಳ ತಪ್ಪಿತು. ದೊಡ್ಡಮ್ಮ ಕಣ್ಣು ತೆರೆದು ಓವನ್ ತೆಗೆದಳು. ಹೊಂಬಣ್ಣ.

ಭಾನುವಾರ ಪಾದ್ರಿಗಳು ರೊಟ್ಟಿ ಎತ್ತಿ ಹಿಡಿದಾಗ ಮುಂದಿನ ಸಾಲು ಒಟ್ಟಾಗಿ ಹಿಂದಕ್ಕೆ ಸರಿಯಿತು. ಆಮೆನ್ ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಒಣಗಿದ ಎಲೆ ಮುರಿದಷ್ಟೇ ಸದ್ದಾಯಿತು. ಪಾದ್ರಿಗಳು ಎರಡು ತುಂಡನ್ನೂ ನೋಡಿ, ತಮ್ಮ ಕೈಯನ್ನೇ ನಂಬದವರಂತೆ ಒಂದು ಗಳಿಗೆ ನಿಂತರು. ಮೊಡವೆಯಿದ್ದ ಚೂರು ಸುತ್ತಿ ಬಳಸಿ ಮೇಷ್ಟ್ರ ಪಾಲಿಗೇ ಬಂತು. ಅವರು ಅದನ್ನು ಅಗಿದು ನುಂಗಿ, ಜೀವಮಾನದಲ್ಲಿ ಮೊದಲ ಬಾರಿಗೆ, ಪ್ರಾರ್ಥನೆ ಮುಗಿದ ಮೇಲೆ ಆಮೆನ್ ಎಂದರು. ಹೊರಗೆ ಬಂದವರೇ, "ಪ್ಯಾಕೆಟ್ಟಿನ ಮಾತು ಬೇಡ. ಅದರಲ್ಲಿ ರುಚಿ ಇರಲ್ಲ" ಎಂದು ತಾವೇ ಹೇಳಿದರು, ಆ ಮಾತು ಎತ್ತಿದ್ದು ಬೇರೆ ಯಾರೋ ಎಂಬಂತೆ.

ಬಾಗಿಲಲ್ಲಿ ಪಾದ್ರಿಗಳು ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡರು. ಚಿಕ್ಕಮ್ಮ ಪಕ್ಕದಲ್ಲೇ, ಕರವಸ್ತ್ರ ಸಿದ್ಧವಾಗಿಟ್ಟುಕೊಂಡು ನಿಂತಿದ್ದಳು. ಸುತ್ತ ಜನ ಸೇರಿದ್ದರು. ಪಾದ್ರಿಗಳ ಕಣ್ಣು ಆಗಲೇ ತೇವ.

"ಅಮ್ಮಾ, ಆ ಸಾಲು ಕೊನೆಗೂ ದಾಟಿದ್ರಿ ಅಲ್ವಾ?"

"ಅದರ ಹತ್ತಿರಾನೇ ಹೋಗಲಿಲ್ಲ ಅಯ್ಯನವರೇ," ಎಂದಳು ದೊಡ್ಡಮ್ಮ. "ಹತ್ತೊಂಬತ್ತರ ಮಗ್ಗಿ ಹೇಳ್ಕೊಂಡೆ. ಅದರಲ್ಲಿ ಯಾರನ್ನೂ ಕ್ಷಮಿಸೋದು ಬರಲ್ಲ."