ಎದುರುಮನೆ ಡಾಕ್ಟರಮ್ಮನ ಜಾಕೆಟ್ಟು

ಮಾರ್ಚ್ ಬಂತೆಂದರೆ ನಾಗಪುರದಲ್ಲಿ ಮನೆಮನೆಗೂ ಕೂಲರ್ ರಿಪೇರಿಯವನು ಬರುತ್ತಾನೆ. ಹೋದ ವರ್ಷದ ಲಾವಂಚದ ಜಾಳಿಗೆ ಕಿತ್ತು ಹೊಸದು ತುಂಬುತ್ತಾನೆ, ನೀರು ಬಿಟ್ಟ ಕೂಡಲೇ ಇಡೀ ಮನೆಯೆಲ್ಲ ಒದ್ದೆ ಬೇರಿನ ವಾಸನೆ. ಈ ಸಲ ಬಂದವನು ಹೊಸಬ. ಹಳೆಯ ಪಂಪು ಅಟ್ಟದ ಮೇಲಿದೆ, ತೆಗೆದುಕೋ ಎಂದು ನಾನೇ ಹೇಳಿದ್ದೆ. ಸ್ಟೂಲಿನ ಮೇಲೆ ನಿಂತು ರಗ್ಗುಗಳ ಹಿಂದೆ ಕೈಯಾಡಿಸಿದವನು ಪಂಪಿನ ಜೊತೆಗೆ ಇನ್ನೊಂದು ವಸ್ತುವನ್ನೂ ಕೆಳಗಿಳಿಸಿದ. ಕಪ್ಪು ಬಣ್ಣದ ದಪ್ಪ ಸ್ಪಂಜು. ಜೇನುಗೂಡಿನಂತೆ ತೂತುತೂತು. ಆಮೆಯ ಬೆನ್ನಿನ ಆಕಾರ.

ಧೂಳು ಊದಿ ತಿರುಗಿಸಿ ನೋಡಿ ಕೇಳಿದ, "ಭಾಭೀಜಿ, ಯೇ ಕ್ಯಾ ಹೈ? ಕೂಲರ್ ಕಾ ಪಾರ್ಟ್ ಹೈ ಕ್ಯಾ?"

"ಹಾಂ, ರಖ್ ದೋ," ಅಂದೆ. ಕೂಲರಿನದೇ ಭಾಗ, ಇಟ್ಟುಬಿಡು ಎಂದು. ಎಷ್ಟು ಸಲೀಸಾಗಿ ಬಂತು ಆ ಸುಳ್ಳು...

ಅದು ದೊಡ್ಡ ಮೋಟರ್‌ಸೈಕಲ್ ಓಡಿಸುವವರು ಹಾಕಿಕೊಳ್ಳುವ ಜಾಕೆಟ್ಟಿನ ಬೆನ್ನಿನ ಪ್ಯಾಡು. ಆರು ವರ್ಷದ ಹಿಂದೆ ನಾನೇ ಅದನ್ನು ಅಲ್ಲಿ ಇಟ್ಟವಳು. ಅದು ನಮ್ಮ ಎದುರುಮನೆ ಡಾಕ್ಟರಮ್ಮನದು.

ಡಾಕ್ಟರಮ್ಮ ಮೈಸೂರಿನವಳು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಕೆಲಸ. ಮೂವತ್ತೂ ತುಂಬಿರಲಿಲ್ಲ. ನಮ್ಮ ಬಾಗಿಲಿಗೆ ಎದುರಾಗಿಯೇ ಅವಳ ಬಾಗಿಲು. ಬಂದ ಮೊದಲ ದಿನ ನಮ್ಮ ಮನೆಯೊಳಗಿನ ಮಾತು ಕಿವಿಗೆ ಬಿದ್ದು, ಅರ್ಧ ತೆರೆದ ಬಾಗಿಲಲ್ಲಿ ತಲೆ ಹಾಕಿ, "ಅಯ್ಯೋ, ಕನ್ನಡದೋರಾ?" ಎಂದು ಕೇಳಿದ್ದಳು. ರೈಲ್ವೆ ಕೆಲಸದ ಗಂಡನ ಹಿಂದೆ ಧಾರವಾಡ ಬಿಟ್ಟು ಬಂದು ಇಪ್ಪತ್ತು ವರ್ಷ ಮರಾಠಿ, ಹಿಂದಿಯಲ್ಲೇ ತರಕಾರಿ ಕೊಂಡಿದ್ದ ನನಗೆ ಆ ಒಂದು ಪ್ರಶ್ನೆ ಸಾಕಾಗಿತ್ತು. "ಬರ್ರಿ ಒಳಗ, ಚಾ ಕುಡೀರಿ," ಅಂದೆ. ಆಮೇಲೆ ಅವಳು ಬಂದದ್ದಕ್ಕೆ ಲೆಕ್ಕವಿಲ್ಲ.

ಗಾಡಿ ಬಂದದ್ದು ಒಂದು ವಾರದ ನಂತರ, ಮೈಸೂರಿನಿಂದ ರೈಲಿನಲ್ಲಿ, ಗೋಣಿಚೀಲ ಸುತ್ತಿಸಿಕೊಂಡು. ಅದನ್ನು ಬಿಚ್ಚಿದಾಗ ಇಡೀ ಬಿಲ್ಡಿಂಗ್ ಕೆಳಗಿಳಿದಿತ್ತು. ಎಮ್ಮೆಯಷ್ಟು ಅಗಲದ ಟ್ಯಾಂಕು, ಕಡುಹಸಿರು ಬಣ್ಣ. ಸ್ಟಾರ್ಟ್ ಮಾಡಿದಾಗ ಎದೆಯ ಮೂಳೆಗೇ ಸದ್ದು ಬಡಿಯಿತು. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, "ಹಿ ಮುಲ್ಗೀ ಆಹೇ ಕಿ ಫೌಜದಾರ್?" ಎಂದು ನನ್ನನ್ನು ಕೇಳಿದರು. ಇದು ಹುಡುಗಿಯೋ ಪೊಲೀಸ್ ಸಾಹೇಬನೋ ಅಂತ.

ನಮ್ಮನೆಯವರಿಗೆ ಮಾತ್ರ ಅವಳನ್ನು ಕೆಣಕುವುದೇ ಒಂದು ಸಂಭ್ರಮ. "ಏನ್ರೀ ಡಾಕ್ಟ್ರೇ, ನಿಮ್ಮ ಗಾಡಿ ಸಪ್ಪಳಕ್ಕ ನಮ್ಮ ಡಬ್ಬ್ಯಾಗಿನ ಅವಲಕ್ಕಿ ಕುಣಿಯಾಕ್ಹತ್ತಾವು!"

"ಕುಣೀಲಿ ಬಿಡಿ ಅಂಕಲ್. ಈ ಮನೇಲಿ ಯಾರಾದ್ರೂ ಕುಣೀಬೇಕಲ್ಲ."

ಪ್ರತಿ ಭಾನುವಾರ ಬೆಳಗಾಗುವ ಮುಂಚೆ ಹೊರಟು ಹತ್ತು ಗಂಟೆಗೆ ಬಂದುಬಿಡುತ್ತಿದ್ದಳು. ನಾನು ಅಡುಗೆಮನೆಯ ಪರದೆಯ ಹಿಂದಿನಿಂದ ನೋಡುತ್ತಿದ್ದೆ. ಕೂದಲನ್ನು ಗಂಟು ಕಟ್ಟಿ ಹೆಲ್ಮೆಟ್ಟಿನೊಳಗೆ ತುರುಕುವುದು, ಗ್ಲೌಸಿನ ಒಂದೊಂದೇ ಬೆರಳು ಎಳೆದು ಸರಿಮಾಡಿಕೊಳ್ಳುವುದು, ಆಮೇಲೆ ಟ್ಯಾಂಕಿನ ಮೇಲೆ ಎರಡು ಸಲ ತಟ್ಟುವುದು. ಹಸುವಿಗೆ ತಟ್ಟಿದ ಹಾಗೆ. "ಭಯ ಆಗಂಗಿಲ್ಲೇನ್ರೀ?" ಎಂದು ಒಂದು ದಿನ ಕೇಳಿದೆ.

"ಆಗತ್ತೆ. ನಮ್ಮ ಆಪರೇಷನ್ ಟೇಬಲ್ ಮೇಲೆ ಮಲಗೋಕೆ ಬರೋರು ಎಷ್ಟೋ ಜನ ಬೈಕಿನೋರೇ ಆಂಟಿ. ಅದಕ್ಕೇ ಅಲ್ವಾ ಈ ಕವಚ ಎಲ್ಲ?" ಎಂದು ಜಾಕೆಟ್ಟಿನ ಮೊಣಕೈ ತಟ್ಟಿ ತೋರಿಸಿದಳು. ಒಳಗೆ ಗಟ್ಟಿ ಪ್ಯಾಡು. ಆಮೇಲೆ ನಗುತ್ತಾ, "ದಿನವಿಡೀ ಜನರನ್ನ ನಿದ್ದೆ ಮಾಡಿಸ್ತೀನಿ. ವಾರಕ್ಕೊಂದು ದಿನ ನಾನಾದ್ರೂ ಎಚ್ಚರ ಆಗಬೇಡ್ವಾ?" ಅಂದಳು.

ಒಂದು ಜನವರಿಯ ಭಾನುವಾರ ನನ್ನನ್ನೂ ಎಬ್ಬಿಸಿಕೊಂಡು ಹೋದಳು. ಸೀರೆ ಬೇಡವೆಂದು ಸಲ್ವಾರು, ಅದರ ಮೇಲೆ ಗಂಡನ ಸ್ವೆಟರು, ತಲೆಗೆ ಅವಳ ಹಳೆಯ ಹೆಲ್ಮೆಟ್ಟು. ಕಾಮಠಿಯವರೆಗೆ ಊರು, ಸಿಗ್ನಲ್ಲು, ಹಾಲಿನ ಕ್ಯಾನು. ಅಲ್ಲಿಂದ ಮುಂದೆ ರಸ್ತೆ ಖಾಲಿಯಾಯಿತು, ಮತ್ತು ಅವಳು ಬಲಗೈ ಸ್ವಲ್ಪ, ಬಹಳ ಸ್ವಲ್ಪ, ತಿರುವಿದಳು. ನನ್ನ ಬೆನ್ನನ್ನು ಯಾರೋ ಹಿಂದಕ್ಕೆ ಎಳೆದಂತಾಯಿತು. ಕಣ್ಣೀರು ಕೆನ್ನೆಗಿಳಿಯದೆ ಕಿವಿಯ ಕಡೆಗೆ ಹರಿಯಿತು. ತಾಳಿ ಸ್ವೆಟರಿನಿಂದ ಹೊರಬಂದು ಗದ್ದಕ್ಕೆ ಟಪಟಪ ಹೊಡೆಯುತ್ತಿತ್ತು. ಮರಗಳು ಮರಗಳಾಗಿ ಉಳಿದಿರಲಿಲ್ಲ, ಒಂದೇ ಹಸಿರು ಗೀಟಾಗಿದ್ದವು.

"ಕೂಗಿ ಆಂಟಿ! ಯಾರಿಗೂ ಕೇಳಲ್ಲ!" ಎಂದು ಅವಳು ಗಾಳಿಯಲ್ಲಿ ಅರಚಿದಳು.

ನನಗೆ ಕೂಗಲು ಬರಲಿಲ್ಲ. ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು, ಹುಡುಗಿಯ ದನಿ ಪಕ್ಕದ ಬೆಂಚಿಗೆ ಕೇಳಿದರೆ ಸಾಕು, ಅದರಾಚೆಯ ಬೆಂಚಿಗೆ ಕೇಳಬಾರದು ಎನ್ನುತ್ತಿದ್ದರು. ಕೇಳಿದರೆ ಬಾಯಿಯ ಮೇಲೆ ಬೆರಳಿಟ್ಟು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹತ್ತು ವರ್ಷದ ಅಭ್ಯಾಸ. ಬಾಯಿ ತೆರೆದೆ, ಗಾಳಿ ಒಳಗೆ ಹೋಯಿತು, ಅಷ್ಟೇ. ಆದರೆ ಕನ್ಹಾನ್ ನದಿಯ ಸೇತುವೆ ಹತ್ತಿರ ಕೆಂಪು ಸಾರು ಸುರಿದ ಅವಲಕ್ಕಿ, ಇಲ್ಲಿನ ತರ್ರಿ ಪೋಹೆ ತಿಂದು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ, ದೂರದ ಖಾಪರಖೇಡಾದ ವಿದ್ಯುತ್ ಸ್ಥಾವರದ ಚಿಮಣಿಗಳ ಹೊಗೆ ನೋಡುತ್ತಾ ನಿಂತಾಗ ನಾನು ಮೆಲ್ಲಗೆ ಕೇಳಿದ್ದೆ, "ವಾಪಸ್ ಹೋಗೂವಾಗ ಇನ್ನೂ ಸ್ವಲ್ಪ ಜೋರ ಹೋಗೂಣೇನ್ರೀ?"

ಅವಳು ಪ್ಲೇಟು ಕೆಳಗಿಟ್ಟು ನಕ್ಕ ನಗು... ಈಗಲೂ ಕಿವಿಯಲ್ಲಿದೆ.

ಅದೇ ವರ್ಷದ ಜುಲೈ. ಮಳೆ ಹಿಡಿದಿತ್ತು. ಅವಳ ಜಾಕೆಟ್ಟು ಬೇಸಿಗೆಯ ಬೆವರು, ಮಳೆಯ ಮುಗ್ಗಲು ಎರಡೂ ಸೇರಿ ನಾರುತ್ತಿತ್ತು. "ಕೊಡ್ರಿ ಇಲ್ಲೆ, ನಾ ಒಗೀತೀನಿ," ಎಂದು ನಾನೇ ಕಸಿದುಕೊಂಡೆ. ಬೇಡಬೇಡವೆನ್ನುತ್ತಲೇ ಅವಳು ಅದರ ಪ್ಯಾಡುಗಳನ್ನು ಹೇಗೆ ತೆಗೆಯುವುದೆಂದು ತೋರಿಸಿದಳು. ಭುಜಕ್ಕೆ ಎರಡು, ಮೊಣಕೈಗೆ ಎರಡು, ಬೆನ್ನಿಗೆ ಒಂದು ದೊಡ್ಡದು. ಒಂದೊಂದಕ್ಕೂ ಒಳಗಡೆ ಜೇಬು. "ಪ್ಯಾಡು ಬಟ್ಟೆ ತಗೊಂಡು ಒರೆಸಿದ್ರೆ ಸಾಕು ಆಂಟಿ. ನೆನೆಸಬೇಡಿ."

ನಾನು ನೆನೆಸಿದೆ. ಜಾಕೆಟ್ಟು ಘಮಘಮಿಸಿ ಪ್ಯಾಡು ನಾತ ಹೊಡೆದರೆ ಒಗೆದು ಏನು ಬಂತು? ಅರ್ಧಂಬರ್ಧ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ. ಐದನ್ನೂ ಸೋಪಿನ ನೀರಿನಲ್ಲಿ ಮುಳುಗಿಸಿ ಹಿಂಡಿದೆ. ಸಣ್ಣವು ನಾಲ್ಕು ಫ್ಯಾನಿನ ಕೆಳಗೆ ಎರಡು ದಿನಕ್ಕೆ ಒಣಗಿದವು. ಬೆನ್ನಿನದು ಮಾತ್ರ ಒತ್ತಿದಲ್ಲೆಲ್ಲ ನೀರು ಬಿಡುತ್ತಿತ್ತು. ಶನಿವಾರ ಸಂಜೆ ನಾಲ್ಕನ್ನು ಅವುಗಳ ಜೇಬಿಗೆ ಹಾಕಿ, ಜಾಕೆಟ್ಟು ಮಡಿಸಿಟ್ಟು, ಐದನೆಯದನ್ನು ಫ್ಯಾನಿನ ಕೆಳಗಿನ ಕುರ್ಚಿಯ ಮೇಲೆ ಬಿಟ್ಟೆ. ಮಳೆಗಾಲವೆಂದು ಈ ಸಲ ಬೆಳಿಗ್ಗೆ ಏಳಕ್ಕೆ ಹೊರಡುತ್ತೇನೆ ಎಂದಿದ್ದಳು. ಅಷ್ಟರಲ್ಲಿ ಆರುತ್ತದೆ, ಆಗ ಹಾಕಿಕೊಟ್ಟರಾಯಿತು...

ಆರಕ್ಕೇ ಬೆಲ್ ಆಯಿತು. ಮಳೆ ನಿಂತಿದೆ, ಮತ್ತೆ ಶುರುವಾಗುವ ಮುಂಚೆ ಹೋಗಿಬರುತ್ತೇನೆ ಅಂದಳು. ಒಲೆಯ ಮೇಲೆ ಹಾಲು. ನಾನು ಜಾಕೆಟ್ಟು ತಂದು ಕೊಟ್ಟೆ. ತೋಳು ಮೂಗಿಗೆ ಹಿಡಿದು, "ಆಹಾ, ಹೊಸದರ ಥರ ಇದೆ. ಆಂಟಿ, ನಿಮ್ಮ ಕೈಗೆ ಏನು ಕೊಡಲಿ?" ಅಂದಳು. ಆ ಮಾತಿಗೆ ನಾನು ಹಿಗ್ಗಿಹೋದೆ. ನಿಜವಾಗಿ ಹಿಗ್ಗಿಹೋದೆ. ಅವಳು ಜಾಕೆಟ್ಟು ತೊಟ್ಟು, ಮೇಲೆ ರೇನ್‌ಕೋಟು ತುಂಬಿದ ಚೀಲವನ್ನು ಬೆನ್ನಿಗೇರಿಸಿದಳು. ಬೆನ್ನು ಹಗುರಾದದ್ದು ಅವಳಿಗೆ ತಿಳಿಯುವ ಹಾಗಿರಲಿಲ್ಲ. ಅವಳು ಮೆಟ್ಟಿಲಿಳಿದಳು, ನಾನು ಹಾಲು ನೋಡಲು ಓಡಿದೆ. ಗ್ಯಾಸು ಆರಿಸಿ ತಿರುಗಿದರೆ ಕುರ್ಚಿಯ ಮೇಲೆ ಆ ಕಪ್ಪು ಆಮೆ.

ಕೈಗೆತ್ತಿಕೊಂಡು ಬಾಲ್ಕನಿಗೆ ಹೋದೆ. ನಮ್ಮದು ಎರಡನೇ ಮಹಡಿ. ಕೆಳಗೆ ಅವಳು ಆಗಲೇ ಹೆಲ್ಮೆಟ್ಟು ಹಾಕಿ ಗಾಡಿಯ ಮೇಲೆ ಕೂತಿದ್ದಳು, ಇಂಜಿನ್ ಗುಡುಗುತ್ತಿತ್ತು. "ಡಾಕ್ಟ್ರೇ," ಅಂದೆ. ಊಟದ ಟೇಬಲ್ಲಿನ ಆಚೆ ಕೂತವರನ್ನು ಕರೆಯುವ ದನಿಯಲ್ಲಿ. ಭಾನುವಾರ, ಕೆಳಗೆ ಕಾಕು ಮಲಗಿದ್ದಾರೆ, ಎದುರಿನ ಬಿಲ್ಡಿಂಗಿನ ಬಾಲ್ಕನಿಯಲ್ಲಿ ಒಬ್ಬರು ಪೇಪರ್ ಓದುತ್ತಿದ್ದಾರೆ. ಇನ್ನೊಂದು ಸಲ ಅಂದೆ. ಅಷ್ಟೇ ಮೆಲ್ಲಗೆ. ಆಮೇಲೆ ಕೂಗುವ ಬದಲು ಕೈ ಎತ್ತಿ ಬೀಸಿದೆ, ಪ್ಯಾಡು ಹಿಡಿದ ಕೈಯನ್ನು. ಅವಳು ತಲೆಯೆತ್ತಿ ನೋಡಿದಳು. ಹೆಲ್ಮೆಟ್ಟಿನ ಗಾಜಿನಲ್ಲಿ ಆಕಾಶ ಮಾತ್ರ ಕಂಡಿತು. ಎಡಗೈ ಎತ್ತಿ, ಜೋರಾಗಿ, ಖುಷಿಯಾಗಿ, ನನಗೆ ಟಾಟಾ ಮಾಡಿ ಹೊರಟುಹೋದಳು.

ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂತೆ.

ಕನ್ಹಾನ್ ದಾಟಿದ ಮೇಲೆ ಒಂದು ತಿರುವಿನಲ್ಲಿ ರಸ್ತೆಯ ಮೇಲೆ ಮರಳು ಚೆಲ್ಲಿತ್ತಂತೆ. ಗಾಡಿ ಜಾರಿತು. ಅವಳು ಹೋಗಿ ಡಿವೈಡರಿನ ಕಲ್ಲಿಗೆ ಬೆನ್ನು ಬಡಿದು ಬಿದ್ದಳು.

ಆಸ್ಪತ್ರೆಯಲ್ಲಿ ನರ್ಸು ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗಿತ್ತಳು. ಕತ್ತರಿಯಿಂದ ಕತ್ತರಿಸಿ ತೆಗೆದ ಜಾಕೆಟ್ಟು. ಮೊಣಕೈ, ಭುಜಗಳ ಬಟ್ಟೆ ಪೂರ್ತಿ ಸವೆದು ಒಳಗಿನ ಪ್ಯಾಡು ಕೆರೆದುಹೋಗಿತ್ತು. ಅವಳ ಮೊಣಕೈಗಳ ಮೇಲೆ ಒಂದು ಗೀರೂ ಇರಲಿಲ್ಲ. ಅದನ್ನು ನಾನು ನೋಡಿದೆ. ಬಹಳ ಹೊತ್ತು ನೋಡಿದೆ. ಬೆನ್ನಿನ ಜೇಬಿನ ಜಿಪ್ಪು ನಾನು ಹಾಕಿದ ಹಾಗೆಯೇ ನೀಟಾಗಿ ಹಾಕಿತ್ತು.

ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ. ಅವಳ ಜೊತೆ ಕೆಲಸ ಮಾಡುವ ಡಾಕ್ಟರೊಬ್ಬರನ್ನು ಕಾರಿಡಾರಿನಲ್ಲಿ ಹಿಡಿದು, ಬೆನ್ನಿಗೆ ಪ್ಯಾಡು ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ, ಕೆಲವು ಸಲ ಇದ್ದರೂ ಉಪಯೋಗವಾಗುವುದಿಲ್ಲ, ಕೆಲವು ಸಲ... ಎಂದು ಅವರು ಮಾತು ನಿಲ್ಲಿಸಿ ಗಡಿಯಾರ ನೋಡಿಕೊಂಡರು.

ಮನೆಗೆ ಬಂದು ನಮ್ಮನೆಯವರಿಗೆ ಎಲ್ಲ ಹೇಳಿದೆ. ಅವರು, "ಯಾರ ಮುಂದೂ ಹೇಳಬ್ಯಾಡ. ಹೇಳಿದ್ರ ಆಕೀ ಕಾಲು ಬರ್ತಾವೇನು?" ಅಂದರು. ಆವತ್ತೇ ಪ್ಯಾಡು ಅಟ್ಟಕ್ಕೆ ಹೋಯಿತು.

ಒಂಬತ್ತನೆಯ ದಿನ ಅವಳಿಗೆ ಮಾತಾಡುವಷ್ಟು ಶಕ್ತಿ ಬಂತು. ನನ್ನನ್ನು ನೋಡಿ ನಗಲು ನೋಡಿದಳು. "ಆಂಟಿ, ಅವತ್ತು ಕೈ ಬೀಸಿದ್ರಲ್ಲ... ಯಾವಾಗ್ಲೂ ಪರದೆ ಹಿಂದೆ ನಿಂತಿರ್ತಿದ್ರಿ, ನಂಗೆ ಗೊತ್ತಿತ್ತು. ಅವತ್ತು ಮೊದಲನೇ ಸಲ ಹೊರಗೆ ಬಂದ್ರಿ. ಎಷ್ಟು ಖುಷಿಯಾಯ್ತು ಗೊತ್ತಾ? ಇಡೀ ದಾರಿ ಅದನ್ನೇ ನೆನೆಸ್ಕೊಂಡು ಹೋದೆ."

ನಾನು ಅವಳ ಹೊದಿಕೆಯ ಅಂಚು ಸರಿಮಾಡಿದೆ. ಸರಿಯಾಗಿಯೇ ಇತ್ತು ಅದು. ಮತ್ತೆ ಸರಿಮಾಡಿದೆ.

ಅವಳ ತಾಯಿ ಮೈಸೂರಿನಿಂದ ಬಂದಿದ್ದರು. ಅವರಿಗೆ ಒಬ್ಬಳೇ ಮಗಳು, ಗಂಡ ಮೊದಲೇ ತೀರಿಹೋಗಿದ್ದರು. ಒಂದು ತಿಂಗಳು ನಮ್ಮ ಮನೆಯಲ್ಲೇ ಊಟ. ತಟ್ಟೆಯ ಮುಂದೆ ಕೂತು, "ಆ ಹಾಳು ಗಾಡಿ ಕಣಮ್ಮ, ಆ ಹಾಳು ಗಾಡಿ," ಎಂದಷ್ಟೇ ಹೇಳುತ್ತಿದ್ದರು. ಗಾಡಿ ಮಾರಿ, ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋದರು. ಎರಡು ವರ್ಷ ಅವಳು ಹಾಸಿಗೆಯಿಂದಲೇ ಫೋನ್ ಮಾಡುತ್ತಿದ್ದಳು. ಅವಲಕ್ಕಿ ಕುಣೀತಿದ್ಯಾ ಅಂಕಲ್, ಎಂದು ನಮ್ಮನೆಯವರನ್ನು ಕೇಳುತ್ತಿದ್ದಳು. ಪ್ರತಿ ಸಲವೂ ಈವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಕೊನೆಗೆ, ಮಲಗಿ ಮಲಗಿ ಬೆನ್ನಿಗಾದ ಹುಣ್ಣಿಗೆ ನಂಜಾಗಿ, ಅದು ರಕ್ತಕ್ಕೇರಿ, ಒಂದು ವಾರದಲ್ಲಿ ಮುಗಿದುಹೋಯಿತು. ಹೇಳುವುದೂ ಅಲ್ಲಿಗೆ ಮುಗಿಯಿತು.

ಆಮೇಲಿನ ನಾಲ್ಕು ವರ್ಷ ಆ ತಾಯಿ ನನಗೆ ಫೋನ್ ಮಾಡುತ್ತಾ ಬಂದರು. ಭಾನುವಾರ ಸಂಜೆ, ತಪ್ಪದೆ. ಮಗಳು ಚಿಕ್ಕವಳಿದ್ದಾಗ ಸೈಕಲ್ ಕಲಿತದ್ದು, ಹಲ್ಲು ಮುರಿದುಕೊಂಡದ್ದು... ನಾನು ಹೂಂಗುಟ್ಟುತ್ತಿದ್ದೆ. ನಾನು ಕನ್ಹಾನ್ ಸೇತುವೆಯ ಹತ್ತಿರದ ಆ ನಗುವಿನ ಬಗ್ಗೆ ಹೇಳುತ್ತಿದ್ದೆ, ಅವರು ಮತ್ತೊಮ್ಮೆ ಹೇಳಿ ಅನ್ನುತ್ತಿದ್ದರು.

ಕೂಲರಿನವನು ಹೋದ ಮೇಲೆ ನಾನು ಅವರಿಗೆ ಫೋನ್ ಮಾಡಿದೆ. ಭಾನುವಾರವಲ್ಲದ ದಿನ ನನ್ನ ಫೋನು ಬಂದದ್ದಕ್ಕೆ ಗಾಬರಿಯಿಂದ, "ಎಲ್ಲ ಚೆನ್ನಾಗಿದೀರಾ ತಾನೇ?" ಅಂದರು. ನಿಂತುಕೊಂಡೇ ಎಲ್ಲ ಹೇಳಿದೆ. ನೆನೆಸಬೇಡಿ ಎಂದದ್ದು, ನೆನೆಸಿದ್ದು, ಮರೆತದ್ದು, ಕೂಗದೆ ಕೈ ಬೀಸಿದ್ದು. ನಾನು ಮುಗಿಸಿದೆ. ಫೋನು ಕಟ್ಟಾಯಿತೇನೋ ಎಂದುಕೊಂಡೆ. ಆಗ ಅವರ ಉಸಿರು ಕೇಳಿಸಿತು.

"ಈಗ ಯಾಕೆ ಹೇಳಿದ್ರಿ?" ಅಂದರು.

ನಾನು ಕೈಯಲ್ಲಿದ್ದ ಆ ಪ್ಯಾಡನ್ನು ಕುರ್ಚಿಯ ಮೇಲೆ ಇಟ್ಟೆ.

"ಆರು ವರ್ಷದಿಂದ ಆ ಗಾಡೀನ ಬೈಕೊಂಡು ಹೆಂಗೋ ಬದುಕಿದ್ದೆ ಕಣಮ್ಮ. ಇನ್ಮೇಲೆ ನಿಮ್ಮನ್ನ ಬೈಬೇಕಾ? ನನ್ನ ಮಗಳ ವಿಷಯ ಮಾತಾಡೋಕೆ ಇದ್ದೋರು ನೀವೊಬ್ಬರೇ."

ಆ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಅಳಬಹುದಿತ್ತು. "ಇಡ್ತೀನಿ," ಎಂದು ಇಟ್ಟರು.

ಅದಾಗಿ ಐದು ಭಾನುವಾರ ಕಳೆದವು. ಸಂಜೆ ನಾನು ಫೋನನ್ನು ಅಡುಗೆಕಟ್ಟೆಯ ಮೇಲೆ ಇಟ್ಟುಕೊಂಡೇ ಚಪಾತಿ ಲಟ್ಟಿಸುತ್ತೇನೆ. ಬಂದರೆ ಏನು ಹೇಳಲಿ ಎಂದು ಗೊತ್ತಿಲ್ಲ. ಬರುವುದಿಲ್ಲ ಎಂಬುದು ಗೊತ್ತು. ನನ್ನ ಹೃದಯ ಹಗುರಾಗಲೆಂದು ಹೇಳಿದೆ, ಆ ತಾಯಿಯ ಪಾಲಿಗೆ ಮಗಳದೆಂದು ಉಳಿದದ್ದೇನಿತ್ತೋ ಅದನ್ನೂ ಕಸಿದುಕೊಂಡೆ. ಹಗುರವೂ ಆಗಲಿಲ್ಲ. ಆ ಸೇತುವೆಯ ಹತ್ತಿರದ ನಗುವನ್ನು ಮತ್ತೊಮ್ಮೆ ಹೇಳಿ ಎನ್ನುವವರು ಈಗ ಈ ಲೋಕದಲ್ಲಿ ಯಾರೂ ಇಲ್ಲ.